ಟಿಕ್ ಹಾಕಿದ ಮೇಲೆ: ಮಿಶ್ರ ಮೂಲದವರು ಮತ್ತು ಸರ್ಕಾರಿ ಕಾಲಂಗಳು
(ಉಪನ್ಯಾಸದ ಬರಹ ರೂಪ)

ಒಂದು ಮನೆಯಿಂದ ಶುರು ಮಾಡೋಣ. ಊಹೆಯ ಮನೆ, ಆದರೆ ನ್ಯೂಜೆರ್ಸಿಯಲ್ಲೋ ಟೆಕ್ಸಾಸಿನಲ್ಲೋ ಹುಡುಕಿದರೆ ಇಂಥವು ಸಿಗುತ್ತವೆ. ತಾಯಿ ಧಾರವಾಡದವರು. ತಂದೆ ಅಮೆರಿಕದಲ್ಲೇ ಹುಟ್ಟಿದವರು. ಅವರ ಅಪ್ಪ ಕಪ್ಪು ಜನಾಂಗದವರು, ಅಮ್ಮ ಐರಿಶ್ ಮೂಲದ ಬಿಳಿಯರು. ಮಗಳಿಗೆ ಎಂಟು ವರ್ಷ. 2020ರ ಏಪ್ರಿಲ್ 1 ಅಲ್ಲಿನ ಜನಗಣತಿಯ ದಿನ. ನಮೂನೆ ತಲೆಗೊಂದು ಬರುವುದಿಲ್ಲ, ಮನೆಗೊಂದು ಬರುತ್ತದೆ. ಯಾರಿಗೆ ಬಿಡುವಿದೆಯೋ ಅವರು ಕೂತು ಎಲ್ಲರದ್ದನ್ನೂ ತುಂಬುತ್ತಾರೆ.

ಮಗಳ ಹೆಸರು, ಲಿಂಗ, ವಯಸ್ಸು ಬರೆದಾಯಿತು. ಮುಂದಿನ ಪ್ರಶ್ನೆ: ಇವಳು ಹಿಸ್ಪಾನಿಕ್, ಅಂದರೆ ಮೆಕ್ಸಿಕೋ, ಕ್ಯೂಬಾದಂಥ ಸ್ಪ್ಯಾನಿಷ್ ನಾಡುಗಳ ಮೂಲದವಳು, ಹೌದೋ ಅಲ್ಲವೋ. ಅಲ್ಲ. ಅದರ ಮುಂದಿನದು: ಜನಾಂಗ ಯಾವುದು. ಅಲ್ಲಿ 15 ಚೌಕಗಳಿವೆ. ಬಿಳಿಯ, ಕಪ್ಪು, ಅಮೆರಿಕದ ಮೂಲನಿವಾಸಿ, ಆಮೇಲೆ ಏಷ್ಯಾದವರಿಗೆ ಚೀನೀ, ಫಿಲಿಪಿನೋ, ಏಷ್ಯನ್ ಇಂಡಿಯನ್ ಹೀಗೆ ಏಳು, ಪೆಸಿಫಿಕ್ ದ್ವೀಪದವರಿಗೆ ನಾಲ್ಕು, ಕೊನೆಗೆ 'ಬೇರೆ ಯಾವುದೋ ಜನಾಂಗ' ಅಂತ ಒಂದು. ಎಷ್ಟು ಬೇಕಾದರೂ ಗುರುತು ಹಾಕಬಹುದು. ತಾಯಿ ಕೂತರೆ ಲೆಕ್ಕ ಹಾಕಿ ಬಿಳಿಯ, ಕಪ್ಪು, ಏಷ್ಯನ್ ಇಂಡಿಯನ್ ಮೂರಕ್ಕೂ ಹಾಕಿಯಾರು. ತಂದೆ ಕೂತರೆ ಕಪ್ಪು, ಏಷ್ಯನ್ ಇಂಡಿಯನ್ ಎರಡೇ ಹಾಕಿಯಾರು. ಬಿಳಿ ಅಮ್ಮನ ಮಗನಾದರೂ ಊರು ಅವರನ್ನು ಕಪ್ಪು ಮನುಷ್ಯ ಎಂದೇ ಕಂಡಿರುತ್ತದೆ, ಅವರಿಗೂ ಅದೇ ರೂಢಿಯಾಗಿರುತ್ತದೆ. ಹುಡುಗಿ ಒಬ್ಬಳೇ, ಪೆನ್ನು ಯಾರ ಕೈಯಲ್ಲಿತ್ತು ಅನ್ನುವುದರ ಮೇಲೆ ಉತ್ತರ ಎರಡು.

ಸರಿ, ಮೂರು ಟಿಕ್ ಬಿತ್ತು ಅಂತಿಟ್ಟುಕೊಳ್ಳಿ. ಮಿಶ್ರ ಮೂಲದವರ ಕಷ್ಟ ಅಂದರೆ 'ನನಗೊಂದು ಚೌಕ ಇಲ್ಲ' ಎಂಬ ಕಷ್ಟ ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಅಮೆರಿಕದ ಮಟ್ಟಿಗೆ ಆ ಭಾಗ 2000ನೇ ಇಸವಿಯಲ್ಲೇ ಹೆಚ್ಚುಕಡಿಮೆ ಬಗೆಹರಿಯಿತು. ಇವತ್ತು ನಾನು ಹೇಳಹೊರಟಿದ್ದು ಟಿಕ್ ಹಾಕಿ, ಅರ್ಜಿ ಮಡಚಿ ಕಳಿಸಿದ ಮೇಲೆ ಹಿಂದಿನ ಕೋಣೆಯಲ್ಲಿ ನಡೆಯುವ ಕೆಲಸದ ಬಗ್ಗೆ. ಜನ ಬರೆದದ್ದನ್ನು ಕೋಡ್ ಮಾಡುವವರು, ಅಂದರೆ ಪ್ರತಿ ಉತ್ತರಕ್ಕೂ ಒಂದು ವರ್ಗದ ಗುರುತು ಕೊಡುವವರು, ಕೋಷ್ಟಕ ಕಟ್ಟುವವರು ಯಾವ ನಿಯಮ ಇಟ್ಟುಕೊಂಡಿದ್ದಾರೆ ಅನ್ನುವುದರ ಮೇಲೆ ಆ ಹುಡುಗಿ ಯಾರು ಎಂದು ತೀರ್ಮಾನವಾಗುತ್ತದೆ.

ಅವಳ ಹಿಂದೆಯೇ ನಾಲ್ಕು ಕಚೇರಿಗೆ ಹೋಗಿ ಬರೋಣ. ಜನಗಣತಿಯಲ್ಲಿ ಅವಳು 'ಮೂರು ಜನಾಂಗ' ಎಂಬ ಮನೆಯಲ್ಲಿ ಬೀಳುತ್ತಾಳೆ. ಶಾಲೆಯಲ್ಲಿ? ಶಿಕ್ಷಣ ಇಲಾಖೆ 2007ರಲ್ಲಿ ಹೊರಡಿಸಿದ ಸೂಚನೆಯ ಪ್ರಕಾರ ಶಾಲೆಗಳು ಮೇಲಕ್ಕೆ ಕಳಿಸುವ ವರದಿಯಲ್ಲಿ ಏಳೇ ಕಾಲಂ. ಹಿಸ್ಪಾನಿಕ್ ಎಂದರೆ ಬೇರೆ ಏನಿದ್ದರೂ ಹಿಸ್ಪಾನಿಕ್. ಅಲ್ಲವೆಂದರೆ, ಒಂದು ಜನಾಂಗಕ್ಕಷ್ಟೇ ಟಿಕ್ ಹಾಕಿದವರು ಆಯಾ ಕಾಲಂಗೆ. ಒಂದಕ್ಕಿಂತ ಹೆಚ್ಚು ಹಾಕಿದವರೆಲ್ಲ 'ಎರಡು ಅಥವಾ ಹೆಚ್ಚು' ಎಂಬ ಒಂದೇ ಚೀಲಕ್ಕೆ. ನಮ್ಮ ಹುಡುಗಿ ಅಲ್ಲಿ ಏಷ್ಯನ್ನಳೂ ಅಲ್ಲ, ಕಪ್ಪೂ ಅಲ್ಲ. ಅವಳ ಅಜ್ಜಿ ಐರಿಶ್ ಬದಲು ಕ್ಯೂಬಾದವರಾಗಿದ್ದು, ಮನೆಯವರು ಆ ಪ್ರಶ್ನೆಗೆ ಹೌದು ಎಂದಿದ್ದರೆ 'ಎರಡು ಅಥವಾ ಹೆಚ್ಚು' ಕೂಡ ಅಲ್ಲ, ಬರೀ ಹಿಸ್ಪಾನಿಕ್. ತಂದೆತಾಯಿ ಆ ಪ್ರಶ್ನೆ ಖಾಲಿ ಬಿಟ್ಟರೆ ಶಾಲೆಯ ಸಿಬ್ಬಂದಿ ಮಗುವಿನ ಮುಖ ನೋಡಿ ತಾವೇ ತುಂಬಬೇಕು. ಇದು ಬೇಜವಾಬ್ದಾರಿಯ ಮಾತಲ್ಲ, ಸೂಚನೆಯಲ್ಲೇ ಇದೆ.

ಜನನ ಅಂಕಿಅಂಶದಲ್ಲಿ? ಅಲ್ಲಿ 1989ರಿಂದ ಕೂಸನ್ನು ತಾಯಿಯ ಜನಾಂಗದ ಲೆಕ್ಕಕ್ಕೆ ಹಾಕುತ್ತಾರೆ. ಹಾಗಾಗಿ ಇವಳು ಹುಟ್ಟಿದಾಗ ಏಷ್ಯನ್ ತಾಯಿಯ ಮಗು. ಅದಕ್ಕೂ ಮುಂಚಿನ ನಿಯಮ ಬೇರೆ ಇತ್ತು: ತಂದೆತಾಯಿಯಲ್ಲಿ ಒಬ್ಬರು ಬಿಳಿಯರಾದರೆ ಮಗು ಬಿಳಿಯರಲ್ಲದವರ ಕಡೆಗೆ, ಇಬ್ಬರೂ ಬಿಳಿಯರಲ್ಲದಿದ್ದರೆ ತಂದೆಯ ಕಡೆಗೆ, ಇಬ್ಬರಲ್ಲಿ ಒಬ್ಬರು ಹವಾಯಿಯ ಮೂಲದವರಾದರೆ ಮಾತ್ರ ಹವಾಯಿಯನ್. ನಿಯಮ ಬದಲಾದ ವರ್ಷ ಬಿಳಿ ಕೂಸುಗಳ ಸಂಖ್ಯೆ ಏರಿತು, ಕಪ್ಪು ಕೂಸುಗಳದ್ದು ಇಳಿಯಿತು. ಹೆರಿಗೆ ಕೋಣೆಗಳಲ್ಲಿ ಏನೂ ಬದಲಾಗಿರಲಿಲ್ಲ.

ನಾಲ್ಕನೆಯದು ನಾಗರಿಕ ಹಕ್ಕು ಜಾರಿ ಮಾಡುವ ಕಚೇರಿ. ಅವರಿಗೆ ಹೋದದ್ದು 2000ನೇ ಇಸವಿ ಮಾರ್ಚ್‌ನ ಸೂಚನೆ: ಬಿಳಿಯ ಜೊತೆಗೆ ಒಂದು ಅಲ್ಪಸಂಖ್ಯಾತ ಜನಾಂಗ ಇದ್ದರೆ ಆ ಅಲ್ಪಸಂಖ್ಯಾತ ಜನಾಂಗಕ್ಕೆ ಸೇರಿಸಿ, ಎರಡು ಅಲ್ಪಸಂಖ್ಯಾತ ಜನಾಂಗ ಇದ್ದರೆ, ದೂರು ಯಾವ ಜನಾಂಗದ ಹೆಸರಲ್ಲಿ ಬಂದಿದೆಯೋ ಅದಕ್ಕೆ. ಕಪ್ಪು ಎಂಬ ಕಾರಣಕ್ಕೆ ಅನ್ಯಾಯವಾಯಿತು ಎಂದು ದೂರಿದರೆ ಅವಳು ಕಪ್ಪು, ಏಷ್ಯನ್ ಎಂಬ ಕಾರಣಕ್ಕೆ ಎಂದರೆ ಏಷ್ಯನ್. ನನ್ನ ಪ್ರಕಾರ ನಾಲ್ಕರಲ್ಲಿ ಸ್ವಲ್ಪ ತಲೆ ಓಡಿಸಿ ಮಾಡಿದ ನಿಯಮ ಇದೊಂದೇ. ಯಾಕೆಂದರೆ 'ಯಾತಕ್ಕೆ ಎಣಿಸುತ್ತಿದ್ದೇವೆ' ಎಂದು ಮೊದಲು ಕೇಳಿಕೊಂಡು ಆಮೇಲೆ ಎಣಿಸುತ್ತದೆ.

ಇದೆಲ್ಲ ಇಲ್ಲಿಗೆ ಹೇಗೆ ಬಂತು ಅನ್ನಲು ಸ್ವಲ್ಪ ಹಿಂದೆ ಹೋಗಬೇಕು. 1790ರ ಮೊದಲ ಗಣತಿಯಲ್ಲಿ ಸ್ವತಂತ್ರ ಬಿಳಿಯರು, ಉಳಿದ ಸ್ವತಂತ್ರರು, ಗುಲಾಮರು ಇಷ್ಟೇ. 1850ರಲ್ಲಿ ಕಪ್ಪು-ಬಿಳಿ ಬೆರೆತವರಿಗೆ 'ಮುಲ್ಯಾಟೊ' ಎಂಬ ಕಾಲಂ ಬಂತು. 1890ರಲ್ಲಿ ಇದು ವಿಪರೀತಕ್ಕೆ ಹೋಯಿತು. ಗಣತಿದಾರರಿಗೆ ಕೊಟ್ಟ ಸೂಚನೆ ಹೀಗಿತ್ತು: ಮುಕ್ಕಾಲು ಅಥವಾ ಹೆಚ್ಚು ಕಪ್ಪು ರಕ್ತವಿದ್ದರೆ ಕಪ್ಪು, ಎಂಟರಲ್ಲಿ ಮೂರರಿಂದ ಐದು ಪಾಲಿದ್ದರೆ ಮುಲ್ಯಾಟೊ, ಕಾಲು ಪಾಲಿದ್ದರೆ ಕ್ವಾಡ್ರೂನ್, ಎಂಟನೇ ಒಂದು ಪಾಲು ಅಥವಾ ಅದರ ಸುಳಿವಿದ್ದರೂ ಸಾಕು, ಆಕ್ಟೊರೂನ್.

ಹಳೆಯ ಆಣೆ ಲೆಕ್ಕ ನೆನಪಿರುವವರು ಇದನ್ನು ರೂಪಾಯಿಗೆ ಹಾಕಿ ನೋಡಿ. ಹನ್ನೆರಡು ಆಣೆ ಮತ್ತು ಮೇಲೆ ಕಪ್ಪು. ಆರಾಣೆಯಿಂದ ಹತ್ತಾಣೆ ಮುಲ್ಯಾಟೊ. ನಾಲ್ಕಾಣೆ ಕ್ವಾಡ್ರೂನ್, ಎರಡಾಣೆ ಆಕ್ಟೊರೂನ್. ಹಾಗಾದರೆ ಹನ್ನೊಂದಾಣೆಯವರು ಎಲ್ಲಿಗೆ ಹೋಗಬೇಕು? ಐದಾಣೆಯವರು? ಮುತ್ತಜ್ಜ-ಮುತ್ತಜ್ಜಿಯರಿಗಿಂತ ಒಂದು ತಲೆಮಾರು ಮೇಲೆ ಹೋದರೆ ಹದಿನಾರು ಜನ ಸಿಗುತ್ತಾರೆ, ಅವರಲ್ಲಿ ಹನ್ನೊಂದು ಜನ ಕಪ್ಪಾಗಿದ್ದರೆ ಅಂಥವರಿಗೆ ಮನೆಯೇ ಇಲ್ಲ. ಇರಲಿ, ಅದು ಕಾಗದದ ಮೇಲಿನ ತೊಡಕು. ನಿಜವಾದ ತೊಡಕು ಹೊಸ್ತಿಲ ಹತ್ತಿರ. ಗಣತಿದಾರ ಬಾಗಿಲಲ್ಲಿ ನಿಂತು ಬಣ್ಣ ನೋಡಿ ಬರೆದುಕೊಂಡು ಮುಂದಿನ ಮನೆಗೆ ಹೋಗಬೇಕು. ಎಂಟರಲ್ಲಿ ಮೂರೋ ಎರಡೋ ಎಂದು ಕಣ್ಣಳತೆಯಲ್ಲಿ ಹೇಗೆ ಗೊತ್ತಾಗಬೇಕು? 1900ರಲ್ಲಿ ಆ ಕಾಲಂಗಳನ್ನೇ ತೆಗೆದರು. ಮುಲ್ಯಾಟೊ ಮತ್ತೆ 1910, 1920ರಲ್ಲಿ ಬಂತು, 1930ಕ್ಕೆ ಪೂರ್ತಿ ಹೋಯಿತು. ಅದರ ಜಾಗಕ್ಕೆ 'ಒಂದು ಹನಿ' ನಿಯಮ: ಬಿಳಿ ಮತ್ತು ಕಪ್ಪು ಬೆರೆತವರು, ಪಾಲು ಎಷ್ಟೇ ಚಿಕ್ಕದಿರಲಿ, ಕಪ್ಪು.

1930ರ ಈ ಸೂಚನಾ ಪುಸ್ತಕದಲ್ಲಿ ನಮ್ಮವರಿಗೆ ಸಂಬಂಧಪಟ್ಟ ಒಂದು ಸಾಲಿದೆ, ಅದನ್ನು ನೋಡಲೇಬೇಕು. 1920, 1930, 1940ರ ಮೂರು ಗಣತಿಗಳಲ್ಲಿ ಭಾರತದಿಂದ ಹೋದವರ ಜನಾಂಗ 'ಹಿಂದೂ'. ಸಿಖ್ಖರಾದರೂ ಹಿಂದೂ, ಮುಸಲ್ಮಾನರಾದರೂ ಹಿಂದೂ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿಯ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಭಾರತೀಯರು ಪೌರತ್ವದ ಕಾನೂನಿನ ಅರ್ಥದಲ್ಲಿ ಬಿಳಿಯರಲ್ಲ ಎಂದು ತೀರ್ಪು ಕೊಟ್ಟಿತ್ತು. ಕ್ಯಾಲಿಫೋರ್ನಿಯಾದಲ್ಲಿ 1948ರವರೆಗೂ ಬಿಳಿಯರು ಕಪ್ಪು ಜನರನ್ನೋ ಏಷ್ಯನ್ನರನ್ನೋ ಮದುವೆಯಾಗುವಂತಿರಲಿಲ್ಲ. ಇಂಪೀರಿಯಲ್ ಕಣಿವೆಯಲ್ಲಿ ಹತ್ತಿ ಬೆಳೆಯುತ್ತಿದ್ದ ಪಂಜಾಬಿ ಗಂಡಸರು ಹೆಚ್ಚಾಗಿ ಮೆಕ್ಸಿಕನ್ ಹೆಂಗಸರನ್ನು ಮದುವೆಯಾದರು. ಲೈಸೆನ್ಸ್ ಕೊಡುವ ಗುಮಾಸ್ತ ಇಬ್ಬರ ಮೈಬಣ್ಣವನ್ನೂ ಕಂದು ಎಂದು ಬರೆದು ಕೆಲಸ ಮುಗಿಸುತ್ತಿದ್ದ. ಈ ದಂಪತಿಗಳ ಮಕ್ಕಳು ಯಾರು? 1930ರ ನಮೂನೆಯಲ್ಲಿ 'ಮೆಕ್ಸಿಕನ್' ಕೂಡ ಒಂದು ಜನಾಂಗ, ಅದೊಂದೇ ಗಣತಿಯಲ್ಲಿ. ಸೂಚನೆ ಹೀಗಿತ್ತು: ಬಿಳಿಯರಲ್ಲದ ಎರಡು ಜನಾಂಗ ಬೆರೆತರೆ ತಂದೆಯದನ್ನು ಬರೆಯಿರಿ. ಅಂದರೆ ಮನೆಯಲ್ಲಿ ಸ್ಪ್ಯಾನಿಷ್ ಆಡಿ, ಭಾನುವಾರ ಕ್ಯಾಥೊಲಿಕ್ ಚರ್ಚಿಗೆ ಹೋಗುವ, ಸಿಖ್ ತಂದೆಯ ಮಗು ಸೂಚನೆಯ ಪ್ರಕಾರ ಹಿಂದೂ!

ಆಮೇಲಿನದನ್ನು ಬೇಗ ಹೇಳುತ್ತೇನೆ. 1970ರಲ್ಲಿ ಭಾರತೀಯರನ್ನು ಬಿಳಿಯರ ಲೆಕ್ಕಕ್ಕೆ ಹಾಕಿದರು. ಬಿಳಿಯರಾದರೆ ಅಲ್ಪಸಂಖ್ಯಾತರಿಗಿರುವ ರಕ್ಷಣೆ ಸಿಗುವುದಿಲ್ಲ ಎಂದು ಅಲ್ಲಿನ ಭಾರತೀಯ ಸಂಘದವರು ಮನವಿ ಮಾಡಿಕೊಂಡರು. 1980ಕ್ಕೆ 'ಏಷ್ಯನ್ ಇಂಡಿಯನ್' ಚೌಕ ಬಂತು. ಹಿಂದೂ, ಬಿಳಿಯ, ಏಷ್ಯನ್ ಇಂಡಿಯನ್: ಒಬ್ಬನೇ ಮನುಷ್ಯ ಅರುವತ್ತು ವರ್ಷದೊಳಗೆ ಮೂರು ಜನಾಂಗ ದಾಟಿದ ಹಾಗಾಯಿತು.

1960ರ ದಶಕದ ನಂತರ ನೋಡಿ ಬರೆಯುವುದು ಹೋಗಿ, ಅಂಚೆಯಲ್ಲಿ ಬಂದ ನಮೂನೆಯನ್ನು ಜನರೇ ತುಂಬತೊಡಗಿದರು. ಒಂದೇ ಆರಿಸಿ ಎಂದು ಹೇಳುತ್ತಿದ್ದರು. ಆಗಲ್ಲ ಎಂದವರಿಗೆ ಏನು ಮಾಡಿದರು ಗೊತ್ತೆ? 1970ರಲ್ಲಿ ತಂದೆಯ ಜನಾಂಗ ಕೊಟ್ಟರು, 1980ರಲ್ಲಿ ತಾಯಿಯದು. 1990ರಲ್ಲಂತೂ, ಗೆರೆಯ ಮೇಲೆ 'ಕಪ್ಪು-ಬಿಳಿ' ಎಂದು ಬರೆದವರನ್ನು ಕಪ್ಪು ಎಂದು ಎಣಿಸಿದರು, 'ಬಿಳಿ-ಕಪ್ಪು' ಎಂದು ಬರೆದವರನ್ನು ಬಿಳಿ ಎಂದು. ಅಕ್ಕ ಒಂದು ರೀತಿ, ತಂಗಿ ಇನ್ನೊಂದು ರೀತಿ ಬರೆದಿದ್ದರೆ ಒಂದೇ ಹೊಟ್ಟೆಯ ಮಕ್ಕಳು ಎರಡು ಜನಾಂಗ. ಆ ವರ್ಷ ಒಂದಕ್ಕೇ ಗುರುತು ಹಾಕಿ ಎಂದು ಸ್ಪಷ್ಟವಾಗಿ ಬರೆದಿದ್ದರೂ ಸುಮಾರು ಐದು ಲಕ್ಷ ಜನ ಕೇಳದೆ ಎರಡಕ್ಕೋ ಮೂರಕ್ಕೋ ಹಾಕಿದ್ದರು.

ಯಾವುದು ಮೊದಲು ಎಂಬ ಈ ಗೊಂದಲ ಅಮೆರಿಕದ್ದಷ್ಟೇ ಅಂದುಕೊಳ್ಳಬೇಡಿ. ಸಿಂಗಪುರದಲ್ಲಿ 2011ರ ಜನವರಿಯಿಂದ ಮಕ್ಕಳ ಜನಾಂಗವನ್ನು ಜೋಡಿಯಾಗಿ ಬರೆಸಬಹುದು: 'ಇಂಡಿಯನ್-ಚೈನೀಸ್' ಅಥವಾ 'ಚೈನೀಸ್-ಇಂಡಿಯನ್'. ನೋಡಲು ಚೆನ್ನಾಗಿದೆ. ಆದರೆ ಅಲ್ಲಿ ಸರ್ಕಾರಿ ಫ್ಲಾಟುಗಳಲ್ಲಿ ಪ್ರತಿ ಬ್ಲಾಕಿಗೂ ಜನಾಂಗವಾರು ಮಿತಿ ಇದೆ. ಆ ಲೆಕ್ಕಕ್ಕೆ ಹಿಡಿಯುವುದು ಗೆರೆಯ ಎಡಗಡೆ ಇರುವುದನ್ನು ಮಾತ್ರ. ಬಲಗಡೆಯದು ಗುರುತಿನ ಚೀಟಿಗೆ.

ಅಮೆರಿಕಕ್ಕೆ ವಾಪಸ್. 1977ರ ಫೆಡರಲ್ ನಿರ್ದೇಶನ ನಾಲ್ಕು ಜನಾಂಗ, ಜೊತೆಗೆ ಹಿಸ್ಪಾನಿಕ್ ಎಂಬ ಬೇರೆ ಪ್ರಶ್ನೆ ಎಂದು ಕಟ್ಟುಹಾಕಿತ್ತು. 1990ರ ದಶಕದಲ್ಲಿ ಅದನ್ನು ತಿದ್ದಬೇಕು ಎಂದು ವಿಚಾರಣೆಗಳಾದವು. ಮಿಶ್ರ ಕುಟುಂಬಗಳ ಕೆಲವು ಸಂಘಟನೆಗಳು 'ಬಹುಜನಾಂಗ' ಎಂಬ ಪ್ರತ್ಯೇಕ ಚೌಕ ಕೇಳಿದವು. ಕಪ್ಪು ಜನರ ಹಕ್ಕಿನ ಸಂಘಟನೆಗಳು ಬೇಡವೆಂದವು. ಮತಕ್ಷೇತ್ರ ಗೆರೆ ಹಾಕುವಾಗ, ಕೆಲಸದಲ್ಲಿ ತಾರತಮ್ಯ ಸಾಬೀತು ಮಾಡುವಾಗ ತಲೆ ಎಣಿಕೆಯೇ ಆಧಾರ. ಹೊಸ ಚೌಕಕ್ಕೆ ಜನ ಹರಿದುಹೋದರೆ ಆಧಾರ ಕುಸಿಯುತ್ತದೆ ಎಂಬ ಭಯ. ಎರಡೂ ಕಡೆಯ ಮಾತಿನಲ್ಲಿ ನ್ಯಾಯವಿತ್ತು. 1997ರ ಅಕ್ಟೋಬರ್‌ನಲ್ಲಿ ಬಂದ ತೀರ್ಮಾನ: ಪ್ರತ್ಯೇಕ ಚೌಕ ಇಲ್ಲ, ಇರುವ ಚೌಕಗಳಲ್ಲಿ ಎಷ್ಟಕ್ಕೆ ಬೇಕಾದರೂ ಟಿಕ್ ಹಾಕಿ. ಒಳ್ಳೆಯ ತೀರ್ಮಾನ ಅಂತಲೇ ನನ್ನ ಅಭಿಪ್ರಾಯ, ಏಕೆಂದರೆ ಬಿಡಿಬಿಡಿಯಾಗಿ ಇಟ್ಟುಕೊಂಡದ್ದನ್ನು ಆಮೇಲೆ ಕೂಡಿಸಬಹುದು, ಮೊದಲೇ ಕಲಸಿಟ್ಟದ್ದನ್ನು ಬಿಡಿಸಲು ಬರುವುದಿಲ್ಲ.

ಆದರೆ ಇಲ್ಲೊಂದು ಗಣಿತ ಬಂತು. ಈಗ ಮುಖ್ಯ ಜನಾಂಗ ಐದು (ಬಿಳಿಯ, ಕಪ್ಪು, ಮೂಲನಿವಾಸಿ, ಏಷ್ಯನ್, ಪೆಸಿಫಿಕ್ ದ್ವೀಪದವರು), 'ಬೇರೆ ಯಾವುದೋ' ಸೇರಿ ಆರು. ಆರನ್ನು ಬೇಕಾದ ಹಾಗೆ ಜೋಡಿಸಿದರೆ 63 ಬಗೆ. ಹಿಸ್ಪಾನಿಕ್ ಹೌದು-ಅಲ್ಲ ಎಂದು ಸೀಳಿದರೆ 126. ಗಣತಿಗಾಗಿ ಗೆರೆ ಹಾಕಿದ ಚಿಕ್ಕ ಪ್ರದೇಶಕ್ಕೆ ಟ್ರ್ಯಾಕ್ಟ್ ಎನ್ನುತ್ತಾರೆ, ಒಂದು ಟ್ರ್ಯಾಕ್ಟ್ ಎಂದರೆ ಸರಾಸರಿ ನಾಲ್ಕು ಸಾವಿರ ಜನ. ಅದನ್ನು 126 ಬಗೆಗೆ, ಗಂಡು-ಹೆಣ್ಣಿಗೆ, ವಯಸ್ಸಿಗೆ ಹಂಚಿದರೆ ಹೆಚ್ಚಿನ ಮನೆಗಳಲ್ಲಿ ಸೊನ್ನೆ, ಕೆಲವದರಲ್ಲಿ ಒಂದು, ಎರಡು. 'ಬಿಳಿಯ-ಕಪ್ಪು-ಏಷ್ಯನ್, ಹೆಣ್ಣು, 8 ವರ್ಷ: 1' ಎಂದು ಬಂದರೆ ಆ ಬೀದಿಯವರಿಗೆಲ್ಲ ಅದು ಯಾರ ಮಗಳು ಅಂತ ಗೊತ್ತು. ಗುಟ್ಟು ಕಾಪಾಡಬೇಕೆಂದು ಕಾನೂನಿದೆ. ಅದಕ್ಕಾಗಿ 2020ರಲ್ಲಿ ಚಿಕ್ಕ ಪ್ರದೇಶದ ಅಂಕಿಗಳಿಗೆ ಬೇಕೆಂದೇ ಸ್ವಲ್ಪ ಏರುಪೇರು ಬೆರೆಸಿ ಪ್ರಕಟಿಸಿದರು. ಅಲ್ಲಿ ಇರುವ 1 ನಿಜವಾಗಿ ಸೊನ್ನೆಯಿರಬಹುದು, ಮೂರೂ ಇರಬಹುದು. ಮಿಶ್ರ ಮೂಲದವರ ಅಂಕಿ ಚಿಕ್ಕದಾದ್ದರಿಂದ ಈ ಏರುಪೇರಿನ ಪೆಟ್ಟು ಅವರಿಗೇ ಹೆಚ್ಚು.

ಇನ್ನೊಂದು ವಿಚಿತ್ರ ಗಮನಿಸಿ. ಕನ್ನಡದ ತಾಯಿ, ಚೀನೀ ತಂದೆ: ಮಗು ಎರಡು ಚೌಕಕ್ಕೆ ಗುರುತು ಹಾಕಿದರೂ ಎರಡೂ ಏಷ್ಯನ್ ಗುಂಪಿನವೇ ಆದ್ದರಿಂದ ಲೆಕ್ಕದಲ್ಲಿ ಒಂದೇ ಜನಾಂಗ. ಮಿಶ್ರ ಅಲ್ಲ. ಐರಿಶ್ ತಾಯಿ, ಲೆಬನಾನಿನ ತಂದೆ: 2020ರಲ್ಲಿ ಇಬ್ಬರೂ ಬಿಳಿಯರು, ಮಗುವೂ ಬರೀ ಬಿಳಿಯ. ಹಾಗಾದರೆ ಮಿಶ್ರ ಯಾರು? ಸರ್ಕಾರ ಎಳೆದ ಗೆರೆಯನ್ನು ಯಾರ ಮನೆತನ ದಾಟಿದೆಯೋ ಅವರು. ಗೆರೆ ಸರಿದರೆ ಮಿಶ್ರರ ಸಂಖ್ಯೆಯೂ ಸರಿಯುತ್ತದೆ.

ಈಗ ಈ ಇಡೀ ವಿಷಯದ ನಡುಮನೆಗೆ ಬರೋಣ. 2000ದಲ್ಲಿ ಒಂದಕ್ಕಿಂತ ಹೆಚ್ಚು ಜನಾಂಗ ಹೇಳಿದವರು 68 ಲಕ್ಷ, ನೂರಕ್ಕೆ 2.4. 2010ರಲ್ಲಿ 90 ಲಕ್ಷ, ನೂರಕ್ಕೆ 2.9. 2020ರಲ್ಲಿ 3 ಕೋಟಿ 38 ಲಕ್ಷ, ನೂರಕ್ಕೆ 10.2. ಹತ್ತು ವರ್ಷದಲ್ಲಿ ಮೂರೂಮುಕ್ಕಾಲು ಪಟ್ಟು! ಅದೇ ಹೊತ್ತಿಗೆ ಬರೀ ಬಿಳಿಯರ ಸಂಖ್ಯೆ 22.36 ಕೋಟಿಯಿಂದ 20.43 ಕೋಟಿಗೆ ಇಳಿಯಿತು. ಪತ್ರಿಕೆಗಳಲ್ಲಿ ಇದೇ ದೊಡ್ಡ ಸುದ್ದಿ. ಒಂದು ಕಡೆಯವರು ಹಬ್ಬ ಮಾಡಿದರು, ಇನ್ನೊಂದು ಕಡೆಯವರು ಹೆದರಿದರು. ಹತ್ತು ವರ್ಷದಲ್ಲಿ ಎರಡೂವರೆ ಕೋಟಿ ಮಿಶ್ರ ಮಕ್ಕಳು ಹುಟ್ಟುವುದು ಸಾಧ್ಯವೇ ಇಲ್ಲ. ಆ ದೇಶದಲ್ಲಿ ಒಟ್ಟಾರೆ ಹುಟ್ಟುವ ಮಕ್ಕಳೇ ವರ್ಷಕ್ಕೆ 40 ಲಕ್ಷದ ಆಸುಪಾಸು. ಹಾಗಾದರೆ ಬಂದದ್ದೆಲ್ಲಿಂದ?

ಹಿಂದಿನ ಕೋಣೆಯಿಂದ. ಎರಡು ಬದಲಾವಣೆ ಮಾಡಿದ್ದರು. ಒಂದು: ಬಿಳಿಯ, ಕಪ್ಪು ಚೌಕಗಳ ಕೆಳಗೂ ಮೊದಲ ಸಲ ಖಾಲಿ ಗೆರೆ ಕೊಟ್ಟರು. ಜರ್ಮನ್, ಐರಿಶ್, ಲೆಬನೀಸ್ ಅಂತ ನಿಮ್ಮ ಮೂಲ ಬರೆಯಿರಿ ಎಂದು. ಎರಡು: 2010ರಲ್ಲಿ ಬರೆದದ್ದರಲ್ಲಿ ಮೊದಲ 30 ಅಕ್ಷರ ಓದಿ, ಗರಿಷ್ಠ ಎರಡು ಕೋಡ್ ಕೊಡುತ್ತಿದ್ದರು; 2020ರಲ್ಲಿ 200 ಅಕ್ಷರ ಓದಿ ಆರು ಕೋಡ್‌ವರೆಗೆ ಕೊಟ್ಟರು. ಕೇಳಲು ಚಿಲ್ಲರೆ ಸಂಗತಿ. ಪರಿಣಾಮ ನೋಡಿ. ಮೆಕ್ಸಿಕನ್ ಮನೆತನದ ಒಬ್ಬರು ಹಿಸ್ಪಾನಿಕ್ ಪ್ರಶ್ನೆಗೆ ಹೌದು ಎಂದಿದ್ದಾರೆ. ಜನಾಂಗದ ಪ್ರಶ್ನೆಯಲ್ಲಿ ಬಿಳಿಯ ಎಂದು ಟಿಕ್ ಹಾಕಿ, ಕೆಳಗಿನ ಗೆರೆಯಲ್ಲಿ, ಕೇಳಿದ್ದಾರಲ್ಲ ಎಂದು, 'ಮೆಕ್ಸಿಕನ್' ಅಂತ ಬರೆದರು. ನಿಯಮದ ಪ್ರಕಾರ ಮೆಕ್ಸಿಕನ್ ಒಂದು ಜನಾಂಗ ಅಲ್ಲ. ಅದಕ್ಕೆ 'ಬೇರೆ ಯಾವುದೋ ಜನಾಂಗ' ಎಂಬ ಕೋಡ್. ಬಿಳಿಯ ಎಂಬ ಟಿಕ್ ಹಾಗೇ ಇದೆ. ಒಂದು ಕೂಡಿಸು ಒಂದು, ಎರಡು ಜನಾಂಗ! ತಾವು ಮಿಶ್ರ ಎಂದು ಕನಸಿನಲ್ಲೂ ಅಂದುಕೊಳ್ಳದವರು ಮಿಶ್ರ ಆದರು. ಅಂಕಿಯಲ್ಲೇ ಇದು ಕಾಣುತ್ತದೆ: ಒಂದಕ್ಕಿಂತ ಹೆಚ್ಚು ಜನಾಂಗದ ಹಿಸ್ಪಾನಿಕರು 2010ರಲ್ಲಿ 30 ಲಕ್ಷ, 2020ರಲ್ಲಿ 2 ಕೋಟಿ 3 ಲಕ್ಷ. ಮಿಶ್ರ ಜೋಡಿಗಳಲ್ಲೆಲ್ಲ ದೊಡ್ಡದು 'ಬಿಳಿಯ ಮತ್ತು ಬೇರೆ ಯಾವುದೋ', 1 ಕೋಟಿ 93 ಲಕ್ಷ. ಸಾಮಾನ್ಯ ಜನರ ಮಾತಿನಲ್ಲಿ ಮಿಶ್ರ ಎನಿಸುವ 'ಬಿಳಿಯ ಮತ್ತು ಕಪ್ಪು' 31 ಲಕ್ಷ, 'ಬಿಳಿಯ ಮತ್ತು ಏಷ್ಯನ್' 27 ಲಕ್ಷ.

ನಿಜವಾದ ಏರಿಕೆ ಇಲ್ಲವೆಂದು ಹೇಳುತ್ತಿಲ್ಲ. ಹಿಸ್ಪಾನಿಕರನ್ನು ಬಿಟ್ಟು ನೋಡಿದರೂ 60 ಲಕ್ಷ ಇದ್ದದ್ದು 1 ಕೋಟಿ 35 ಲಕ್ಷ ಆಗಿದೆ. ಅದರಲ್ಲೂ ಒಂದಷ್ಟು ಕೋಡಿಂಗಿನ ಕೊಡುಗೆ, ಒಂದಷ್ಟು ಜನ ತಮ್ಮ ಅಜ್ಜಿಯನ್ನು ಹೊಸದಾಗಿ ನೆನಪಿಸಿಕೊಂಡದ್ದು, ಉಳಿದದ್ದು ಮಿಶ್ರ ಮದುವೆಗಳ ಮಕ್ಕಳು. ಯಾವುದು ಎಷ್ಟು ಎಂದು ಆ ಒಂದು ಅಂಕಿಯಿಂದ ಬೇರ್ಪಡಿಸಲು ಬರುವುದಿಲ್ಲ.

ಖಾಲಿ ಗೆರೆಯ ಮಾತು ಬಂತಲ್ಲ, ನಮ್ಮ ದೇಶದ್ದೇ ಒಂದು ಉದಾಹರಣೆ ಹೇಳಿಬಿಡುತ್ತೇನೆ. 1931ರ ಗಣತಿಯಲ್ಲಿ ಪಟ್ಟಿಯಾದ ಜಾತಿಗಳು 4,147. 2011ರ ಸಾಮಾಜಿಕ ಆರ್ಥಿಕ ಜಾತಿ ಗಣತಿಯಲ್ಲಿ ಬಂದ ಹೆಸರುಗಳು 46 ಲಕ್ಷಕ್ಕೂ ಮೇಲೆ. ಕೇಂದ್ರ ಸರ್ಕಾರವೇ 2021ರಲ್ಲಿ ಸುಪ್ರೀಂ ಕೋರ್ಟಿಗೆ ಹಾಗೆಂದು ಪ್ರಮಾಣಪತ್ರ ಕೊಟ್ಟಿತು. ಒಬ್ಬರು ಜಾತಿ ಹೇಳಿದರು, ಒಬ್ಬರು ಉಪಜಾತಿ, ಒಬ್ಬರು ಗೋತ್ರ, ಒಬ್ಬರು ಮನೆತನದ ಅಡ್ಡಹೆಸರು. ಅದರ ಮೇಲೆ ಕಾಗುಣಿತದ ವ್ಯತ್ಯಾಸ. ಚೌಕ ಕೊಟ್ಟರೆ ಜನ ಅದರೊಳಗೆ ತೂರಿಕೊಳ್ಳಬೇಕು, ಗೆರೆ ಕೊಟ್ಟರೆ ಅಂಕಿಅಂಶದವರು ಮುಳುಗಬೇಕು. ಈಗ 2027ರ ಗಣತಿಯಲ್ಲಿ ಎಲ್ಲರ ಜಾತಿ ಬರೆಸುವುದಾಗಿ ಘೋಷಣೆಯಾಗಿದೆ. ತಾಯಿ ಒಂದು ಜಾತಿ, ತಂದೆ ಇನ್ನೊಂದು ಜಾತಿ ಇರುವ ಮನೆಗೆ ಗಣತಿದಾರರು ಹೋದಾಗ ಏನು ಬರೆಯಬೇಕು, ಎರಡು ಹೇಳಿದರೆ ಯಂತ್ರ ಎಷ್ಟು ತೆಗೆದುಕೊಳ್ಳುತ್ತದೆ ಎಂಬ ಪ್ರಶ್ನೆಯನ್ನು ಈಗಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು. ಜಾತಿ ಪ್ರಮಾಣಪತ್ರದ ವಿಷಯದಲ್ಲಿ ಈ ಪ್ರಶ್ನೆ ಕೋರ್ಟ್ ಮೆಟ್ಟಿಲು ಹತ್ತಿ ಆಗಿದೆ. ತಾಯಿ ಪರಿಶಿಷ್ಟ ಪಂಗಡ, ತಂದೆ ಮೇಲ್ಜಾತಿ ಎಂಬ ಗುಜರಾತಿನ ಪ್ರಕರಣದಲ್ಲಿ 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ಮಗು ತಂದೆಯ ಜಾತಿ ಎಂದು ಮೊದಲಿಗೆ ಊಹಿಸಬಹುದು, ಆದರೆ ಅದೇ ಕೊನೆಯಲ್ಲ, ತಾಯಿಯ ಸಮುದಾಯದಲ್ಲಿ ಬೆಳೆಯಿತು, ಅವರ ಹಾಗೆಯೇ ಅವಮಾನ, ಕಷ್ಟ ಅನುಭವಿಸಿತು, ಸಮುದಾಯದವರೂ ತಮ್ಮದೇ ಎಂದು ಒಪ್ಪಿದ್ದಾರೆ ಎಂದು ತೋರಿಸಿದರೆ ಊಹೆ ಬಿದ್ದುಹೋಗುತ್ತದೆ. ಅಮೆರಿಕದ ನಾಗರಿಕ ಹಕ್ಕಿನ ಸೂಚನೆಗೂ ಇದಕ್ಕೂ ನೆಂಟಸ್ತಿಕೆ ಇದೆ ನೋಡಿ. ಎರಡೂ ರಕ್ತದ ಪಾಲು ಕೇಳುವುದಿಲ್ಲ, ಪೆಟ್ಟು ಎಲ್ಲಿ ಬಿತ್ತು ಎಂದು ಕೇಳುತ್ತವೆ.

ಅಮೆರಿಕದ ಗಣತಿ ಇಲಾಖೆಗೇ ಈ 'ಬೇರೆ ಯಾವುದೋ ಜನಾಂಗ' ಎಂಬುದು ಗಂಟಲ ಮುಳ್ಳು. ಉಳಿದ ಸರ್ಕಾರಿ ಕಚೇರಿಗಳ ಪಟ್ಟಿಯಲ್ಲಿ ಅದಿಲ್ಲ. ತೆಗೆಯೋಣ ಎಂದರೆ ಆ ಚೌಕ ಇರಲೇಬೇಕು ಎಂದು 2000ದ ದಶಕದಲ್ಲಿ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸೇ ಕಾನೂನಿನಲ್ಲಿ ಬರೆಸಿದೆ. ಹಾಗಾಗಿ ಪ್ರತಿವರ್ಷದ ಜನಸಂಖ್ಯಾ ಅಂದಾಜು ಮಾಡುವಾಗ ಆ ಉತ್ತರಗಳನ್ನು ಮನೆಯ ಬೇರೆಯವರದ್ದೋ ಹೋಲುವ ನೆರೆಯವರದ್ದೋ ನೋಡಿ ಐದು ಜನಾಂಗಗಳಿಗೆ ಮರುಹಂಚುತ್ತಾರೆ. ಫಲಿತಾಂಶ: ಒಂದೇ ಇಲಾಖೆ, ಹತ್ತಿರ ಹತ್ತಿರದ ವರ್ಷ. ಗಣತಿಯಲ್ಲಿ ಮಿಶ್ರರು ನೂರಕ್ಕೆ 10.2, ವಾರ್ಷಿಕ ಅಂದಾಜಿನಲ್ಲಿ ನೂರಕ್ಕೆ ಸುಮಾರು 3. ಎರಡನ್ನೂ ಅಕ್ಕಪಕ್ಕ ಇಟ್ಟು ಮಿಶ್ರರು ಕಡಿಮೆಯಾಗುತ್ತಿದ್ದಾರೆ ಎಂದು ಬರೆದರೆ ಅದು ಶುದ್ಧ ತಪ್ಪು. ಹಾಗೆ ಬರೆಯುವವರೂ ಇರುತ್ತಾರೆ.

ಇದು ಬರೀ ಕಾಗದದ ಜಗಳವಾಗಿದ್ದರೆ ನಾನು ಇಷ್ಟು ಹೊತ್ತು ತೆಗೆದುಕೊಳ್ಳುತ್ತಿರಲಿಲ್ಲ. ಶಿಶುಮರಣದ ಲೆಕ್ಕ ತೆಗೆದುಕೊಳ್ಳಿ. ಸತ್ತ ಕೂಸುಗಳ ಸಂಖ್ಯೆಯನ್ನು ಹುಟ್ಟಿದ ಕೂಸುಗಳ ಸಂಖ್ಯೆಯಿಂದ ಭಾಗಿಸಬೇಕು. ಹುಟ್ಟಿನ ದಾಖಲೆಯಲ್ಲಿ ಜನಾಂಗವನ್ನು ತಾಯಿ ಹೇಳುತ್ತಾರೆ. ಸಾವಿನ ದಾಖಲೆಯಲ್ಲಿ ಅದನ್ನು ತುಂಬುವುದು ಶವಸಂಸ್ಕಾರ ನಡೆಸುವ ಸಂಸ್ಥೆಯವರು. ಮನೆಯವರನ್ನು ಕೇಳಿ ಬರೆಯಬೇಕು. ದುಃಖದಲ್ಲಿರುವವರನ್ನು ಇದನ್ನೆಲ್ಲ ಹೇಗೆ ಕೇಳುವುದು ಎಂದು ನೋಡಿಯೇ ಬರೆದುಬಿಡುವುದೂ ಉಂಟು. 1992ರಲ್ಲಿ ಪ್ರಕಟವಾದ ಒಂದು ಅಧ್ಯಯನ ಒಂದೇ ಕೂಸಿನ ಎರಡೂ ದಾಖಲೆಗಳನ್ನು ಜೋಡಿಸಿ ನೋಡಿತು. ಹುಟ್ಟಿದಾಗ ಬಿಳಿಯ ಎಂದಿದ್ದ ಕೂಸುಗಳಲ್ಲಿ ನೂರಕ್ಕೆ ಒಂದರಷ್ಟು ಮಾತ್ರ ಸಾಯುವಾಗ ಬೇರೆ ಜನಾಂಗವಾಗಿದ್ದವು. ಕಪ್ಪಲ್ಲದ, ಬಿಳಿಯರಲ್ಲದ ಉಳಿದ ಜನಾಂಗಗಳಲ್ಲಿ ಅದು ನೂರಕ್ಕೆ 43. ಮೂಲನಿವಾಸಿಗಳ ಕೂಸು ಹುಟ್ಟುವಾಗ ಮೂಲನಿವಾಸಿ, ಸಾಯುವಾಗ ಬಿಳಿಯ ಎಂದಾದರೆ ಆ ಸಮುದಾಯದ ಮರಣ ಪ್ರಮಾಣ ಕಾಗದದಲ್ಲಿ ಇಳಿಯುತ್ತದೆ, ಕಡಿಮೆ ಸಾಯುತ್ತಿದ್ದಾರೆ ಎಂಬ ಸುಳ್ಳು ಸಮಾಧಾನ ಹುಟ್ಟುತ್ತದೆ. ಈಗ ಮಗುವಿನ ಎರಡೂ ದಾಖಲೆಗಳನ್ನು ಜೋಡಿಸಿಯೇ ಲೆಕ್ಕ ಹಾಕುತ್ತಾರೆ. ವಯಸ್ಕರ ಸಾವಿಗೆ ಆ ಅನುಕೂಲವಿಲ್ಲ.

ಮೂಲನಿವಾಸಿಗಳ ಸ್ಥಿತಿ ಎಲ್ಲರಿಗಿಂತ ಕಷ್ಟದ್ದು. 2020ರಲ್ಲಿ ಬರೀ ಮೂಲನಿವಾಸಿ ಎಂದವರು 37 ಲಕ್ಷ. ಬೇರೆ ಜನಾಂಗದ ಜೊತೆ ಸೇರಿಸಿ ಹೇಳಿದವರೂ ಕೂಡಿದರೆ 97 ಲಕ್ಷ. ಅಂದರೆ ಅರ್ಧಕ್ಕಿಂತ ಹೆಚ್ಚು ಜನ ಮಿಶ್ರ. ಶಾಲೆಯ ಏಳು ಕಾಲಂ ಪದ್ಧತಿಯಲ್ಲಿ ಇವರಲ್ಲಿ ಹೆಚ್ಚಿನವರು 'ಎರಡು ಅಥವಾ ಹೆಚ್ಚು' ಅಥವಾ 'ಹಿಸ್ಪಾನಿಕ್' ಚೀಲಕ್ಕೆ ಬಿದ್ದು, ಮೂಲನಿವಾಸಿ ಮಕ್ಕಳ ಕಾಲಂನಲ್ಲಿ ಬೆರಳೆಣಿಕೆಯಷ್ಟು ಉಳಿಯುತ್ತಾರೆ. ಬೆರಳೆಣಿಕೆ ಎಂದಮೇಲೆ ಗುಟ್ಟಿನ ನಿಯಮ ಬರುತ್ತದೆ, ಫಲಿತಾಂಶದ ಜಾಗದಲ್ಲಿ ಒಂದು ನಕ್ಷತ್ರ ಚಿಹ್ನೆ ಹಾಕುತ್ತಾರೆ. ಇದಕ್ಕೆ ವಿರುದ್ಧವಾಗಿ ಮತಕ್ಷೇತ್ರದ ಮೊಕದ್ದಮೆಗಳಲ್ಲಿ, 2003ರ ಜಾರ್ಜಿಯಾ ರಾಜ್ಯದ ಪ್ರಕರಣದಲ್ಲಿ, ಅಮೆರಿಕದ ಸುಪ್ರೀಂ ಕೋರ್ಟ್ ಕಪ್ಪು ಎಂದು ಗುರುತು ಹಾಕಿದ ಎಲ್ಲರನ್ನೂ, ಜೊತೆಗೆ ಇನ್ನೇನು ಹಾಕಿರಲಿ, ಎಣಿಸಿತು. ಚೌಕ ಅದೇ, ಟಿಕ್ ಅದೇ. ಒಬ್ಬರು ಕಡಿಮೆ ಲೆಕ್ಕ ಹಿಡಿಯುತ್ತಾರೆ, ಇನ್ನೊಬ್ಬರು ಹೆಚ್ಚು ಲೆಕ್ಕ. ಆದ್ದರಿಂದ ಇಂಥ ಕೋಷ್ಟಕ ಓದುವಾಗ ತಲೆಬರಹದಲ್ಲಿ 'ಅದೊಂದೇ' ಎಂದಿದೆಯೋ 'ಅದೊಂದೇ ಅಥವಾ ಬೇರೆಯದರ ಜೊತೆ' ಎಂದಿದೆಯೋ ಮೊದಲು ನೋಡಿ. 'ಜೊತೆ' ಇರುವ ಸಾಲುಗಳನ್ನೆಲ್ಲ ಕೂಡಿದರೆ ಒಟ್ಟು ಮೊತ್ತ ನೂರಕ್ಕಿಂತ ಹೆಚ್ಚಾಗುತ್ತದೆ, ಅದು ತಪ್ಪಲ್ಲ. ಒಬ್ಬರೇ ಎರಡು ಮೂರು ಸಾಲಿನಲ್ಲಿದ್ದಾರೆ.

1977ರಲ್ಲಿ ಬಂದು 1997ರಲ್ಲಿ ತಿದ್ದಿದ ಆ ಫೆಡರಲ್ ನಿರ್ದೇಶನ 2024ರ ಮಾರ್ಚ್‌ನಲ್ಲಿ ಮತ್ತೆ ಬದಲಾಯಿತು. ಹಿಸ್ಪಾನಿಕ್ ಪ್ರಶ್ನೆ, ಜನಾಂಗದ ಪ್ರಶ್ನೆ ಎರಡೂ ಸೇರಿ ಒಂದೇ. ಅದರಲ್ಲಿ ಏಳು ವರ್ಗ. ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾದವರಿಗೆ ಬಿಳಿಯರಿಂದ ಬೇರೆಯಾದ ವರ್ಗ. ಕಚೇರಿಗಳು ಐದು ವರ್ಷದೊಳಗೆ ಹೊಂದಿಕೊಳ್ಳಬೇಕು ಎಂದು ಗಡುವು ಕೊಟ್ಟರು. ಇದು ಜಾರಿಯಾದರೆ, ಐರಿಶ್-ಲೆಬನೀಸ್ ಮಗು ಒಂದು ಬೆಳಿಗ್ಗೆ ಎದ್ದು ಮಿಶ್ರ ಆಗಿರುತ್ತದೆ. ಹಿಸ್ಪಾನಿಕ್ ಎಂದು ಒಂದೇ ಟಿಕ್ ಹಾಕುವ ಮೆಕ್ಸಿಕನ್ ಮನೆತನದವರು 2020ರ ಮಿಶ್ರರ ಗುಂಪಿನಿಂದ ಹೊರಬೀಳುತ್ತಾರೆ. ಮೂರು ಕೋಟಿ 38 ಲಕ್ಷ ಎಂಬ ಅಂಕಿ ಗಣನೀಯವಾಗಿ ಇಳಿದರೆ ಆಶ್ಚರ್ಯಪಡಬೇಡಿ. ಏಷ್ಯನ್ ಇಂಡಿಯನ್-ಚೀನೀ ಮಗು ಮಾತ್ರ ಎಂದಿನಂತೆ ಒಂದೇ ಜನಾಂಗ.

ನಮ್ಮ ಊಹೆಯ ಹುಡುಗಿಗೆ 2030ರ ಏಪ್ರಿಲ್ ಹೊತ್ತಿಗೆ ಹದಿನೆಂಟು. ಕಾಲೇಜಿನ ಹಾಸ್ಟೆಲಿನಲ್ಲಿದ್ದರೆ ಅಪ್ಪ-ಅಮ್ಮನ ಮನೆಯ ನಮೂನೆಯಲ್ಲಿ ಅವಳ ಹೆಸರು ಬರುವುದಿಲ್ಲ, ಏಕೆಂದರೆ ಗಣತಿ ಎಣಿಸುವುದು ಮಲಗುವ ಜಾಗದ ಲೆಕ್ಕದಲ್ಲಿ. ಈ ಸಲ ಪೆನ್ನು ಅವಳ ಕೈಗೇ ಬಂತು ಎನ್ನುವಂತೆಯೂ ಇಲ್ಲ. 2020ರಲ್ಲಿ ಹಾಸ್ಟೆಲುಗಳಿಗೆ ಒಂದು ಸೌಲಭ್ಯವಿತ್ತು: ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಕೇಳುವ ಬದಲು ಕಚೇರಿಯೇ ತನ್ನ ದಾಖಲೆಯಿಂದ ಪಟ್ಟಿ ಕಳಿಸಬಹುದಿತ್ತು. ಮುಂದೆಯೂ ಹಾಗೇ ಮಾಡಿದರೆ, ಆ ಕಡತದಲ್ಲಿ ಅವಳ ಎದುರಿಗೆ 'ಎರಡು ಅಥವಾ ಹೆಚ್ಚು' ಎಂದಷ್ಟೇ ಇದ್ದರೆ, ಯಾವ ಎರಡು, ಯಾವ ಮೂರು ಎಂದು ಅದರಿಂದ ತೆಗೆಯಲು ಬರುವುದಿಲ್ಲ. ಆಗ ಹಿಂದಿನ ಕೋಣೆಯವರು ಅವಳನ್ನು ಹೋಲುವ ಇನ್ನೊಬ್ಬರ ಉತ್ತರ ನೋಡಿ ತುಂಬುತ್ತಾರೆ.